ನಾಲ್ಕು ಕುರ್ಚಿ, ಒಂದು ಸಂಭಾವನೆ: ಸ್ಟ್ರಿಂಗ್ ಕ್ವಾರ್ಟೆಟ್ ಬದುಕುವ ಬಗೆ

1814ರ ಡಿಸೆಂಬರ್ ಕೊನೆಯಲ್ಲಿ, ವಿಯೆನ್ನಾದಲ್ಲಿ ಹಿಂದೆ ರಷ್ಯಾದ ರಾಯಭಾರಿಯಾಗಿದ್ದ ರಜುಮೋವ್‌ಸ್ಕಿಯ ಅರಮನೆಗೆ ಬೆಂಕಿ ಬಿತ್ತು. ಚಿತ್ರಗಳು, ಶಿಲ್ಪಗಳು, ಪುಸ್ತಕಗಳು ಸುಟ್ಟುಹೋದವು. ಅವುಗಳ ಜೊತೆಗೆ ನಾಲ್ಕು ಜನರ ನೌಕರಿಗೂ ಸಂಚಕಾರ ಬಂತು. ಇಗ್ನಾಟ್ಸ್ ಷುಪಾನ್‌ಜಿಗ್ ಎಂಬ ವಯಲಿನ್ ವಾದಕನ ಮುಂದಾಳತ್ವದಲ್ಲಿ 1808ರಿಂದ ರಜುಮೋವ್‌ಸ್ಕಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ಟನ್ನೇ, ಅಂದರೆ ತಂತಿವಾದ್ಯ ನುಡಿಸುವ ನಾಲ್ವರ ತಂಡವನ್ನೇ, ಸಂಬಳ ಕೊಟ್ಟು ಸಾಕಿಕೊಂಡಿದ್ದ. ಮನಸ್ಸು ಬಂದಾಗ ಎರಡನೇ ವಯಲಿನ್ ಹಿಡಿದು ತಾನೂ ಕೂರುತ್ತಿದ್ದ. ಬೆಂಕಿಯ ನಂತರ ಅವನ ಕೈ ಬಿಗಿಯಾಯಿತು. 1816ರಲ್ಲಿ ತಂಡ ಚದುರಿತು, ಷುಪಾನ್‌ಜಿಗ್ ರಷ್ಯಾಕ್ಕೆ ಹೊರಟುಹೋದ.

ಬೇಥೋವನ್ ತನ್ನ ಕೃತಿಗಳನ್ನು ನುಡಿಸಲು ನಂಬಿಕೊಂಡಿದ್ದ ತಂಡ ಅದು. ನುಡಿಸುವ ಕೈಗಳಿದ್ದವು, ಕೇಳುವ ಕಿವಿಗಳಿದ್ದವು, ನುಡಿಸಲು ಜಗತ್ತಿನ ಅತ್ಯುತ್ತಮ ಸಂಗೀತವಿತ್ತು. ಇಲ್ಲದೆ ಹೋದದ್ದು ತಿಂಗಳ ಸಂಬಳ ಮಾತ್ರ. ಕ್ವಾರ್ಟೆಟ್‌ಗಳ ಕಥೆಯನ್ನು ನಾವು ಸಾಮಾನ್ಯವಾಗಿ ಕೃತಿಗಳ ಕಥೆಯಾಗಿ, ಮಹಾನ್ ಕಲಾವಿದರ ಕಥೆಯಾಗಿ ಓದುತ್ತೇವೆ. ನನಗೆ ಅದು ಮೊದಲು ಕಾಣುವುದು ಎರಡು ಒಣ ಪ್ರಶ್ನೆಗಳ ಕಥೆಯಾಗಿ: ಇವರಿಗೆ ಊಟ ಹಾಕುವವರು ಯಾರು, ಮತ್ತು ನಾಲ್ವರಲ್ಲಿ ಕೊನೆಯ ಮಾತು ಯಾರದು?

ಮೊದಲು ತಂಡದ ಸ್ವರೂಪ. ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾಗಿ ಇನ್ನಷ್ಟು ತಗ್ಗಿನ ದನಿಯ ವಯೋಲಾ, ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ಚೆಲ್ಲೊ. ಆರ್ಕೆಸ್ಟ್ರಾದಲ್ಲಿ ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಇಲ್ಲಿಲ್ಲ. ಒಂದೊಂದು ಭಾಗಕ್ಕೆ ಒಬ್ಬರೇ ಇರುವುದರಿಂದ ತಪ್ಪಿದರೆ ಮರೆಸಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಇಂಥ ತಂಡಕ್ಕೆಂದು ಬರೆದ ಕೃತಿಗೂ ಕ್ವಾರ್ಟೆಟ್ ಎಂದೇ ಹೆಸರು. ಹೇಡನ್ 68 ಕ್ವಾರ್ಟೆಟ್ ಬರೆದು ಈ ಪ್ರಕಾರವನ್ನು ನೆಲೆಗೊಳಿಸಿದ. ಮೊಟ್ಸಾರ್ಟ್ 23, ಬೇಥೋವನ್ 16, ಶೂಬರ್ಟ್ 15, ಆಮೇಲೆ ಬಾರ್ಟೋಕ್ 6, ಶೋಸ್ತಕೋವಿಚ್ 15. ಒಂದು ತಂಡ ಜೀವಮಾನವಿಡೀ ನುಡಿಸಿದರೂ ಮುಗಿಯದಷ್ಟು ಸಾಮಗ್ರಿ.

ಈಗ ಹಣದ ಲೆಕ್ಕ. ಒಂದು ಕಛೇರಿಗೆ ಎಂಟು ಸಾವಿರ ಡಾಲರ್ ಸಂಭಾವನೆ ಎಂದಿಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸಲು ನಾನೇ ಹಿಡಿದ ಅಂಕಿ. ಹೊಸ ತಂಡಕ್ಕೆ ಇಷ್ಟು ಸಿಗುವುದಿಲ್ಲ, ಹೆಸರಾದವರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಕಛೇರಿ ಗೊತ್ತುಮಾಡಿದ ಏಜೆಂಟನಿಗೆ ಶೇಕಡಾ 20, ಅಂದರೆ 1,600 ಹೋಯಿತು. ವಿಮಾನದ ಟಿಕೆಟ್ ನಾಲ್ಕಲ್ಲ, ಐದು. ಚೆಲ್ಲೊವನ್ನು ಸಾಮಾನಿನ ಜೊತೆ ಕೆಳಗೆ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲವಾದ್ದರಿಂದ ಅದಕ್ಕೂ ಒಂದು ಸೀಟು ಬೇಕು. ತಲಾ 350ರಂತೆ 1,750. ನಾಲ್ಕು ಕೋಣೆ, ಎರಡು ರಾತ್ರಿ, ದಿನಕ್ಕೆ 150ರಂತೆ 1,200. ಉಳಿದದ್ದು 3,450. ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರಿಗೆ 862 ಚಿಲ್ಲರೆ. ಸ್ವರದ ಹಾಳೆಗಳ ಖರೀದಿ, ಲೆಕ್ಕಿಗನ ಶುಲ್ಕ, ಫೋಟೊ, ವೆಬ್‌ಸೈಟ್ ಇಂಥ ಸಾಮೂಹಿಕ ಖರ್ಚಿಗೆಂದು ತಂಡವೇ ಐದನೇ ಪಾಲು ಎತ್ತಿಟ್ಟುಕೊಂಡರೆ ತಲೆಗೆ 690. ವಾದ್ಯದ ವಿಮೆ, ಸಾಲದ ಕಂತು, ತೆರಿಗೆ ಎಲ್ಲವೂ ಅದರೊಳಗೇ ಆಗಬೇಕು. ಎರಡು ಗಂಟೆಯ ಆ ಕಛೇರಿಗೆ ಮುಂಚೆ ವಾರಗಟ್ಟಲೆ ನಡೆದ ತಾಲೀಮಿಗೆ ಬಿಡಿಗಾಸು ಕೊಡುವವರು ಯಾರೂ ಇಲ್ಲ.

ಬೇರೆ ವ್ಯವಹಾರಗಳಲ್ಲಿ ಇದಕ್ಕೆ ಪರಿಹಾರ ಸುಲಭ: ಇನ್ನೂ ಬೇಗ ಮಾಡು, ಇನ್ನೂ ಕಡಿಮೆ ಜನರಿಂದ ಮಾಡಿಸು. ಇಲ್ಲಿ ಅದು ನಡೆಯುವುದಿಲ್ಲ. ಬೇಥೋವನ್ನನ ಕಾಲದಲ್ಲಿ ನಾಲ್ಕು ಜನ ನಲವತ್ತು ನಿಮಿಷ ನುಡಿಸುತ್ತಿದ್ದ ಕೃತಿಗೆ ಇಂದಿಗೂ ನಾಲ್ಕೇ ಜನ, ನಲವತ್ತೇ ನಿಮಿಷ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಹಣಕಾಸಿನ ಬಗ್ಗೆ ಬರೆದಾಗ ಎತ್ತಿದ್ದು ಇದೇ ತೊಡಕನ್ನು. ಕಾರ್ಖಾನೆಯ ಉತ್ಪಾದನೆ ಹೆಚ್ಚಿದಂತೆ ಅಲ್ಲಿಯ ಕೂಲಿ ಏರುತ್ತದೆ, ಕೂಲಿ ಏರಿದಂತೆ ಬದುಕುವ ಖರ್ಚೂ ಏರುತ್ತದೆ. ಸಂಗೀತಗಾರನೂ ಅದೇ ಊರಿನಲ್ಲಿ ಬದುಕಬೇಕು, ಆದರೆ ಅವನ ಉತ್ಪಾದನೆ ಹೆಚ್ಚುವುದಿಲ್ಲ. ಟಿಕೆಟ್ ದುಡ್ಡು ಮತ್ತು ಖರ್ಚಿನ ನಡುವಿನ ಕಂದಕ ಹೀಗೆ ತಾನಾಗಿಯೇ ಅಗಲವಾಗುತ್ತ ಹೋಗುತ್ತದೆ. ಇದಕ್ಕೆ ಬಾಮೊಲ್‌ನ ವೆಚ್ಚರೋಗ ಎಂದೇ ಹೆಸರು ಬಿದ್ದಿದೆ. ಪಾಠ ಮಾಡುವವರು ಕೊಡುವ ಮೊದಲ ಉದಾಹರಣೆ ಸ್ಟ್ರಿಂಗ್ ಕ್ವಾರ್ಟೆಟ್ಟೇ. ಆರ್ಕೆಸ್ಟ್ರಾಕ್ಕೂ ಇದೇ ರೋಗವಿದೆ, ಆದರೆ ಅದು ಎರಡು ಸಾವಿರ ಸೀಟಿನ ಸಭಾಂಗಣ ತುಂಬಬಲ್ಲದು. ಕ್ವಾರ್ಟೆಟ್‌ನ ದನಿ ಹದವಾಗಿ ಕೇಳುವುದು ಐನೂರಾರುನೂರು ಜನ ಕೂರುವ ಕೋಣೆಯಲ್ಲಿ. ಲಂಡನ್ನಿನ ವಿಗ್ಮೋರ್ ಹಾಲ್ ಅಷ್ಟು ದೊಡ್ಡ ಹೆಸರು ಮಾಡಿದ್ದರೂ ಅಲ್ಲಿರುವುದು ಸುಮಾರು 550 ಸೀಟು.

ಆದ್ದರಿಂದ ಕೊರತೆ ತುಂಬಿಕೊಡುವವರು ಯಾವಾಗಲೂ ಬೇಕಾಗಿದ್ದಾರೆ. ರಾಜಮನೆತನದವರ ಕಾಲ ಮುಗಿದ ಮೇಲೆ ಬ್ಯಾಂಕರುಗಳ ಸರದಿ. ನ್ಯೂಯಾರ್ಕಿನ ಎಡ್ವರ್ಡ್ ಡಿ ಕೊಪೆಟ್ ಎಂಬ ಬ್ಯಾಂಕರ್ 1900ರ ದಶಕದ ಆರಂಭದಲ್ಲಿ ನಾಲ್ವರನ್ನು ಒಟ್ಟು ಮಾಡಿ, ಬೇರೆ ಯಾವ ಕೆಲಸವನ್ನೂ ಹಿಡಿಯಬಾರದು, ಬರೀ ಕ್ವಾರ್ಟೆಟ್ ನುಡಿಸಬೇಕು ಎಂಬ ಷರತ್ತಿನ ಮೇಲೆ ಸಾಕಿದ. ಜಿನೀವಾ ಸರೋವರದ ಬಳಿಯಿದ್ದ ಅವನ ಮನೆಯ ಹೆಸರೇ ತಂಡಕ್ಕೂ ಬಂತು: ಫ್ಲೊನ್ಜಾಲೆ ಕ್ವಾರ್ಟೆಟ್. ಅದು 1929ರವರೆಗೆ ನಡೆಯಿತು. ಆ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದಕ್ಕೆ ಮುಂಚಿನ ಹೆಚ್ಚಿನ ತಂಡಗಳು ಆರ್ಕೆಸ್ಟ್ರಾದ ನೌಕರರು ಬಿಡುವಿನ ಸಂಜೆಗಳಲ್ಲಿ ಸೇರಿ ಕಟ್ಟಿಕೊಂಡವು. ಸಾಕಷ್ಟು ತಾಲೀಮಿಲ್ಲದೆ ನುಡಿಸಿದರೆ ಏನಾಗುತ್ತದೆಂದು ಷುಪಾನ್‌ಜಿಗ್ ರಷ್ಯಾದಿಂದ ಮರಳಿ ಬಂದ ಮೇಲೆ ಕಂಡದ್ದೇ ಇತ್ತು. 1825ರ ಮಾರ್ಚಿನಲ್ಲಿ ಬೇಥೋವನ್ನನ ಓಪಸ್ (ಕೃತಿಸಂಖ್ಯೆ) 127 ಕ್ವಾರ್ಟೆಟ್ ಮೊದಲ ಸಲ ವೇದಿಕೆಗೆ ಬಂತು. ಚೆನ್ನಾಗಿ ನುಡಿಸುತ್ತೇವೆಂದು ನಾಲ್ವರಿಂದಲೂ ಬೇಥೋವನ್ ತಮಾಷೆಯ ಮುಚ್ಚಳಿಕೆ ಬರೆದು ಸಹಿ ಹಾಕಿಸಿಕೊಂಡಿದ್ದ. ಸಹಿಯಿಂದ ಏನೂ ಉಪಯೋಗವಾಗಲಿಲ್ಲ, ಕಛೇರಿ ಕೆಟ್ಟಿತು. ಆಮೇಲೆ ಯೋಸೆಫ್ ಬೋಮ್ ಎಂಬ ಇನ್ನೊಬ್ಬ ವಾದಕನಿಗೆ ಕೃತಿ ಒಪ್ಪಿಸಿ, ಕಿವಿ ಪೂರ್ತಿ ಕೇಳದಿದ್ದರೂ ಎದುರಿಗೆ ಕೂತು, ಕಮಾನುಗಳ ಚಲನೆ ನೋಡಿಯೇ ಎಲ್ಲಿ ಹಳಿ ತಪ್ಪಿತೆಂದು ಹೇಳುತ್ತಿದ್ದ.

ಆ ತಾಲೀಮಿನ ಕೋಣೆಯೊಳಗೆ ನಡೆಯುವುದೇನು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲವಾದರೆ ನಾಲ್ಕು ನುರಿತ ವಾದಕರಿಗೆ ದಿನಕ್ಕೆ ಮೂರು ನಾಲ್ಕು ಗಂಟೆ, ವರ್ಷಗಟ್ಟಲೆ, ಮಾಡಲು ಅಂಥದ್ದೇನಿದೆ ಎಂಬ ಅನುಮಾನ ಉಳಿದುಬಿಡುತ್ತದೆ. ಶ್ರುತಿಯನ್ನೇ ತೆಗೆದುಕೊಳ್ಳಿ. ಈ ವಾದ್ಯಗಳ ಪಕ್ಕಪಕ್ಕದ ತಂತಿಗಳ ನಡುವೆ ಷಡ್ಜ-ಪಂಚಮದ ಅಂತರ. ಚೆಲ್ಲೊದ ಅತಿ ತಗ್ಗಿನ ತಂತಿಯ ಸ್ವರ 'ಸಿ'. ಅಲ್ಲಿಂದ ಪಂಚಮ ಪಂಚಮವಾಗಿ ಏರಿದರೆ 'ಜಿ', 'ಡಿ', 'ಎ', ಕೊನೆಗೆ ವಯಲಿನ್ನಿನ ಅತಿ ಎತ್ತರದ ತಂತಿ 'ಇ'. 'ಎ' ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಇಟ್ಟು ಉಳಿದೆಲ್ಲವನ್ನೂ ಶುದ್ಧ ಪಂಚಮಗಳಲ್ಲಿ ಕೂರಿಸಿದರೆ ವಯಲಿನ್ನಿನ 'ಇ' 660ರಲ್ಲಿ ನಿಲ್ಲುತ್ತದೆ. ಆದರೆ ಅದೇ ಚೆಲ್ಲೊದ 'ಸಿ' ಜೊತೆ 'ಇ' ಕೂಡಿಸಿ, ಅದು 'ಸಿ'ಗೆ ಶುದ್ಧ ಗಾಂಧಾರವಾಗಿ ಕೇಳಬೇಕಾದರೆ ಇರಬೇಕಾದದ್ದು ಸುಮಾರು 652ರಲ್ಲಿ! ಪ್ರತಿ ಹೆಜ್ಜೆಯೂ ಸರಿಯಿದ್ದು ಒಟ್ಟು ಲೆಕ್ಕ ತಪ್ಪಾಗುವ ವಿಚಿತ್ರ ಇದು. ತಂತಿ ಒತ್ತಿ ನುಡಿಸಿದರೆ ಬೆರಳನ್ನು ಒಂದಿಷ್ಟು ಹಿಂದೆ ಸರಿಸಬಹುದು, ಬಿಟ್ಟ ತಂತಿಯಾದರೆ ಮಾಡುವುದೇನು? ಅದಕ್ಕೇ ಬಹಳ ತಂಡಗಳು ಪಂಚಮಗಳನ್ನೇ ಕೂದಲೆಳೆಯಷ್ಟು ಕುಗ್ಗಿಸಿ ಶ್ರುತಿ ಮಾಡಿಕೊಳ್ಳುತ್ತವೆ. ಎಷ್ಟು ಕುಗ್ಗಿಸಬೇಕು, ವಯೋಲಾ ಚೆಲ್ಲೊಗಳಲ್ಲಿ ಮಾತ್ರವೇ ಅಥವಾ ನಾಲ್ಕರಲ್ಲೂ ಹಂಚಿಕೊಳ್ಳಬೇಕೇ, ಈ ಸ್ವರದಲ್ಲಿ ರಾಗದ ಓಟಕ್ಕೆ ಮರ್ಯಾದೆಯೋ ಕೂಡುಸ್ವರದ ಹೊಂದಿಕೆಗೆ ಮರ್ಯಾದೆಯೋ ಎಂಬುದೆಲ್ಲ ಆ ನಾಲ್ವರ ತೀರ್ಮಾನ. ಸ್ವರದ ಹಾಳೆಯಲ್ಲಿ ಅದಾವುದೂ ಬರೆದಿಲ್ಲ.

ಶ್ರುತಿ ಒಂದು ಬಾಬತ್ತಷ್ಟೆ. ಕಮಾನು ಮೇಲಕ್ಕೋ ಕೆಳಕ್ಕೋ, ಈ ಸ್ವರಕ್ಕೆ ಅದರ ತುದಿಯೋ ಬುಡವೋ, ಎಲ್ಲರ ಬೆರಳ ನಡುಕವೂ ಒಂದೇ ವೇಗದ್ದಿರಬೇಕೋ, ಆರಂಭದ ಉಸಿರು ತೆಗೆಯುವವರು ಯಾರು, ಹೀಗೆ ಒಂದು ಪುಟದಲ್ಲಿ ನೂರು ಇತ್ಯರ್ಥಗಳಿರುತ್ತವೆ. ಇತ್ಯರ್ಥವಾದದ್ದೆಲ್ಲ ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ಬೀಳುತ್ತದೆ. ಈಗೀಗ ಟ್ಯಾಬ್ಲೆಟ್ ಪರದೆಯ ಮೇಲೆ, ಪುಟ ತಿರುಗಿಸಲು ಕಾಲಡಿಯ ಪೆಡಲ್.

ಇತ್ಯರ್ಥ ಮಾಡುವವರು ನಾಲ್ವರು, ಮತ್ತು ನಾಲ್ಕು ಸಮಸಂಖ್ಯೆ. ಇದರಲ್ಲೇ ಇದೆ ಗಂಡಾಂತರ. ಹತ್ತೊಂಬತ್ತನೇ ಶತಮಾನದಲ್ಲಿ ಈ ತಲೆನೋವು ಅಷ್ಟಿರಲಿಲ್ಲ: ಮೊದಲ ವಯಲಿನ್ನಿನವನೇ ಯಜಮಾನ, ತಂಡಕ್ಕೂ ಅವನದೇ ಹೆಸರು. 1869ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಯೋವಾಕಿಮ್ ಕ್ವಾರ್ಟೆಟ್ಟಿಗೆ ಜನ ಬರುತ್ತಿದ್ದದ್ದು ಯೋವಾಕಿಮ್‌ನನ್ನು ಕೇಳಲು. 1917ರಲ್ಲಿ ಬುಡಾಪೆಸ್ಟ್ ಒಪೆರಾದ ನಾಲ್ವರು ವಾದಕರು ಬುಡಾಪೆಸ್ಟ್ ಕ್ವಾರ್ಟೆಟ್ ಕಟ್ಟಿದಾಗ ಬೇರೆಯೇ ಕಾಯಿದೆ ಮಾಡಿಕೊಂಡರು. ಎಲ್ಲರಿಗೂ ಸಮಪಾಲು, ಹೊರಗಿನ ಕೆಲಸ ಹಿಡಿಯುವಂತಿಲ್ಲ, ಭಿನ್ನಾಭಿಪ್ರಾಯ ಬಂದರೆ ಮತಕ್ಕೆ ಹಾಕುವುದು. ಒಬ್ಬೊಬ್ಬರಾಗಿ ಹಂಗೇರಿಯವರು ಹೊರಟು ರಷ್ಯನ್ನರು ಬಂದು, 1930ರ ದಶಕದ ನಡುಭಾಗಕ್ಕೆ ಹೆಸರಿನಲ್ಲಿ ಮಾತ್ರ ಬುಡಾಪೆಸ್ಟ್ ಉಳಿಯಿತು. ಒಬ್ಬ ರಷ್ಯನ್ ಎಂದರೆ ಅರಾಜಕತೆ, ಇಬ್ಬರೆಂದರೆ ಚದುರಂಗ, ಮೂವರೆಂದರೆ ಕ್ರಾಂತಿ, ನಾಲ್ವರೆಂದರೆ ಬುಡಾಪೆಸ್ಟ್ ಕ್ವಾರ್ಟೆಟ್ ಎಂಬ ಜೋಕು ಸಂಗೀತವಲಯದಲ್ಲಿ ಇನ್ನೂ ಓಡಾಡಿಕೊಂಡಿದೆ.

1976ರಲ್ಲಿ ಶುರುವಾದ ಎಮರ್ಸನ್ ಕ್ವಾರ್ಟೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೊದಲ ವಯಲಿನ್ ಪೀಠವನ್ನೇ ಸರದಿಗೆ ಹಾಕಿತು. ಯುಜೀನ್ ಡ್ರಕರ್ ಒಂದು ಕೃತಿಗೆ ಮೊದಲಿಗನಾದರೆ ಫಿಲಿಪ್ ಸೆಟ್ಜರ್ ಇನ್ನೊಂದಕ್ಕೆ. ಕಾಗದದ ಮೇಲೆ ಚೆಂದ ಕಾಣುವ ಈ ಏರ್ಪಾಡು ಎಲ್ಲ ತಂಡಗಳಿಗೂ ಒಗ್ಗುವುದಿಲ್ಲ. ಎರಡನೇ ವಯಲಿನ್ ಎಂಬುದು ಮೊದಲನೆಯದಕ್ಕೆ ಸಿಗದೇ ಹೋದವರ ಕುರ್ಚಿಯಲ್ಲ. ಒಳಗಿನಿಂದ ತಂಡದ ಲಯ ಹಿಡಿದಿಡುವ, ಯಾವಾಗ ಕೇಳಿಸಬೇಕು ಯಾವಾಗ ಮರೆಯಾಗಬೇಕು ಎಂದು ಬಲ್ಲ ಬೇರೆಯೇ ಕಸುಬು. ಅದನ್ನೇ ಬಯಸಿ ಕೂರುವವರು ಸಿಕ್ಕ ತಂಡ ಪುಣ್ಯ ಮಾಡಿತ್ತೆಂದೇ ಅರ್ಥ.

ಕಾಯಿದೆ ಸರಿಯಿಲ್ಲದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ಆಡುಬನ್ ಕ್ವಾರ್ಟೆಟ್ ಸಾಕ್ಷಿ. 2000ದಲ್ಲಿ ಮೂವರು ಸೇರಿ ಮೊದಲ ವಯಲಿನ್ ವಾದಕರನ್ನು ಹೊರಹಾಕಿದರು, ಅವರು ಕೋರ್ಟಿನ ಮೆಟ್ಟಿಲು ಹತ್ತಿದರು. ತಂಡ ಕಾನೂನಿನ ಕಣ್ಣಿನಲ್ಲಿ ನೋಂದಾಯಿತ ಸಂಸ್ಥೆ. ಹಾಗಾಗಿ ಹೊರಹೋದವರ ಪಾಲಿಗೂ ಬೆಲೆ ಕಟ್ಟಬೇಕಾಯಿತು. ಪೆನ್ಸಿಲ್ವೇನಿಯಾದ ನ್ಯಾಯಾಲಯ ಕಟ್ಟಿದ ಬೆಲೆ ಆರು ಲಕ್ಷ ಡಾಲರಿಗೂ ಮಿಕ್ಕಿತ್ತು. ಉಳಿದವರ ವಾದ್ಯಗಳೇ ಕೈಬಿಡುವ ಹಂತಕ್ಕೆ ಬಂತು. ಇಂದಿನ ಹೊಸ ತಂಡಗಳಿಗೆ ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ಸ್ವರ-ಲಯಗಳ ಜೊತೆಗೆ ಇದೂ ಸೇರಿದೆ: ಸ್ನೇಹ ಚೆನ್ನಾಗಿರುವಾಗಲೇ ಕರಾರು ಬರೆದಿಟ್ಟುಕೊಳ್ಳಿ. ಹೆಸರು ಯಾರದು, ಬ್ಯಾಂಕಿನಲ್ಲಿರುವ ಹಣ ಯಾರದು, ಬಿಟ್ಟು ಹೋಗುವವರು ಎಷ್ಟು ತಿಂಗಳ ಮುಂಚೆ ಹೇಳಬೇಕು ಎಂಬುದೆಲ್ಲ ಅದರಲ್ಲಿರಬೇಕು.

ಒಂದು ತಂಡ ಮೇಲೆ ಬರುವ ದಾರಿಯೂ ಈಗ ಹೆಚ್ಚುಕಡಿಮೆ ಗೊತ್ತಾದದ್ದೇ. ಸಂಗೀತ ಕಾಲೇಜಿನಲ್ಲಿ ನಾಲ್ವರು ಜೊತೆಯಾಗುತ್ತಾರೆ, ಹೆಸರಾದ ಕ್ವಾರ್ಟೆಟ್ಟಿನವರ ಬಳಿ ಪಾಠ ಹೇಳಿಸಿಕೊಳ್ಳುತ್ತಾರೆ, ಮದುವೆ ಆರತಕ್ಷತೆಗಳಲ್ಲಿ ನುಡಿಸಿ ಬಾಡಿಗೆ ಕಟ್ಟುತ್ತಾರೆ, ಸ್ಪರ್ಧೆಗಳಿಗೆ ಹೋಗುತ್ತಾರೆ. ಕೆನಡಾದ ಬ್ಯಾನ್ಫ್, ಲಂಡನ್ನಿನ ವಿಗ್ಮೋರ್ ಹಾಲ್, ಇಟಲಿಯ ರೆಜ್ಜೊ ಎಮಿಲಿಯಾ, ಮ್ಯೂನಿಕ್, ಬೋರ್ಡೊ ಇವು ದೊಡ್ಡವು. ಬ್ಯಾನ್ಫ್ ಸ್ಪರ್ಧೆ 1983ರಿಂದ, ಮೂರು ವರ್ಷಕ್ಕೊಮ್ಮೆ. ಗೆದ್ದವರಿಗೆ ಬಹುಮಾನದ ಹಣಕ್ಕಿಂತ ಅದರ ಬೆನ್ನಿಗೆ ಬರುವ ಕಛೇರಿಗಳ ಸರಣಿಯೇ ದೊಡ್ಡದು. ಬುಡಾಪೆಸ್ಟಿನಲ್ಲಿ 1975ರಲ್ಲಿ ವಿದ್ಯಾರ್ಥಿಗಳು ಕಟ್ಟಿದ ತಕಾಚ್ ಕ್ವಾರ್ಟೆಟ್ 1979ರಲ್ಲಿ ಪೋರ್ಟ್ಸ್‌ಮತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿತು. ಅದೇ ಸ್ಪರ್ಧೆ ಮುಂದೆ ವಿಗ್ಮೋರ್ ಹಾಲ್‌ನದಾಯಿತು. ಸಂಘಟಕರು ಒಂದೂವರೆ ಎರಡು ವರ್ಷ ಮುಂಚೆಯೇ ಕಛೇರಿ ಗೊತ್ತುಮಾಡುವುದರಿಂದ, ಇಂದು ಗೆದ್ದವರ ಡೈರಿ ತುಂಬುವುದು ಇನ್ನೆರಡು ವರ್ಷಕ್ಕೆ. ಅಷ್ಟು ದಿನ ಕಾಯುವ ತ್ರಾಣವಿಲ್ಲದೆ, ಒಬ್ಬರಿಗೆ ಯಾವುದೋ ಆರ್ಕೆಸ್ಟ್ರಾದಲ್ಲಿ ಖಾಯಂ ನೌಕರಿ ಸಿಕ್ಕಿ, ಅಲ್ಲಿಗೇ ಒಡೆದುಹೋಗುವ ತಂಡಗಳು ಲೆಕ್ಕವಿಲ್ಲದಷ್ಟು.

ದಡ ಸೇರಿದವರನ್ನು ಇಂದು ಸಾಕುತ್ತಿರುವುದು ಮುಖ್ಯವಾಗಿ ವಿಶ್ವವಿದ್ಯಾಲಯ. ಇದು ಶುರುವಾದದ್ದು ಯುದ್ಧದ ಆಕಸ್ಮಿಕದಿಂದ. 1940ರ ಮೇ ತಿಂಗಳಲ್ಲಿ ಬೆಲ್ಜಿಯಂನ ಪ್ರೊ ಆರ್ಟೆ ಕ್ವಾರ್ಟೆಟ್ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಮ್ಯಾಡಿಸನ್ ಊರಿನಲ್ಲಿ, ಬೇಥೋವನ್ ನುಡಿಸುತ್ತಿತ್ತು. ಅಷ್ಟರಲ್ಲಿ ಹಿಟ್ಲರನ ಸೇನೆ ಬೆಲ್ಜಿಯಂಗೆ ನುಗ್ಗಿತು. ಮರಳಲು ಊರೇ ಇಲ್ಲವಾದಾಗ ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು. ಅಮೆರಿಕದ ವಿಶ್ವವಿದ್ಯಾಲಯವೊಂದು ಕ್ವಾರ್ಟೆಟ್ಟನ್ನು ಸಂಬಳದ ಮೇಲೆ ನೆಲೆಗೊಳಿಸಿದ್ದು ಅದೇ ಮೊದಲು ಎನ್ನುತ್ತಾರೆ. ಅದೇ ಹೆಸರಿನ ತಂಡ ಅಲ್ಲಿ ಇಂದಿಗೂ ಇದೆ. 1946ರಲ್ಲಿ ನ್ಯೂಯಾರ್ಕಿನ ಜೂಲಿಯರ್ಡ್ ಸಂಗೀತ ಶಾಲೆ ತನ್ನದೇ ಕ್ವಾರ್ಟೆಟ್ ಹುಟ್ಟುಹಾಕಿತು. ಟೋಕಿಯೊ ಕ್ವಾರ್ಟೆಟ್ ಯೇಲ್‌ಗೆ ಹೋಯಿತು, ತಕಾಚ್ ಕೊಲೊರಾಡೊಗೆ. ತಿಂಗಳ ಸಂಬಳ, ಆರೋಗ್ಯ ವಿಮೆ, ತಾಲೀಮಿಗೆ ಕೋಣೆ ಮೂರೂ ಒಟ್ಟಿಗೆ ದಕ್ಕುವ ಜಾಗ ಇದೊಂದೇ. ಅದಕ್ಕೆ ತೆರುವ ಬೆಲೆ ಪಾಠ: ಸೋಮವಾರ ಬೆಳಿಗ್ಗೆ ವಿಮಾನದಿಂದಿಳಿದು ಮಧ್ಯಾಹ್ನ ವಿದ್ಯಾರ್ಥಿಗಳ ಮುಂದೆ ಕೂರಬೇಕು. ಕ್ವಾರ್ಟೆಟ್ ವಾದಕರಲ್ಲಿ ಹೆಚ್ಚಿನವರು ಗಂಟೆಗಳ ಲೆಕ್ಕದಲ್ಲಿ ಮೇಷ್ಟರುಗಳೇ.

ವಾದ್ಯದ ವಿಷಯದಲ್ಲೂ ಇನ್ನೊಬ್ಬರ ಹಂಗು. ಗರ್‌ಟ್ರೂಡ್ ಕ್ಲಾರ್ಕ್ ವಿಟಲ್ ಎಂಬ ಮಹಿಳೆ 1930ರ ದಶಕದಲ್ಲಿ ಇಟಲಿಯ ಸ್ಟ್ರಾಡಿವಾರಿ ಎಂಬ ಹೆಸರಾಂತ ಕುಶಲಕರ್ಮಿ ಮಾಡಿದ ಐದು ವಾದ್ಯಗಳನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ದಾನ ಮಾಡಿದಳು. ಬೀರುವಿನಲ್ಲಿಟ್ಟ ವಾದ್ಯಕ್ಕೆ ದನಿಯಿಲ್ಲವಲ್ಲ, ನುಡಿಸುವವರು ಬೇಕಾಯಿತು. ಬುಡಾಪೆಸ್ಟ್ ಕ್ವಾರ್ಟೆಟ್ 1940ರಿಂದ 1962ರವರೆಗೆ ಅಲ್ಲಿ ನೆಲೆಸಿ ಅವನ್ನು ನುಡಿಸಿತು, ನಂತರ ಜೂಲಿಯರ್ಡ್‌ನವರು ಬಂದರು. ವಯಲಿನ್ ವಾದಕ ಪಗನೀನಿ ಒಮ್ಮೆ ಇಟ್ಟುಕೊಂಡಿದ್ದ ನಾಲ್ಕು ಸ್ಟ್ರಾಡಿವಾರಿಗಳ ಒಂದು ಗುಂಪು ಈಗ ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ನಿನ ಸ್ವತ್ತು. 1995ರಿಂದ ಟೋಕಿಯೊ ಕ್ವಾರ್ಟೆಟ್ ಅದನ್ನು ನುಡಿಸುತ್ತಿತ್ತು. 2013ರಲ್ಲಿ ತಂಡ ಮುಗಿದಾಗ ವಾದ್ಯಗಳು ಇನ್ನೊಂದು ತಂಡದ ಕೈ ಸೇರಿದವು.

ಇಷ್ಟೆಲ್ಲಕ್ಕೂ ಬೇರೆ ಉತ್ತರ ಹುಡುಕಿದವರು ಕ್ರೋನೋಸ್ ಕ್ವಾರ್ಟೆಟ್‌ನವರು. 1973ರಲ್ಲಿ ಸಿಯಾಟಲ್‌ನಲ್ಲಿ ಡೇವಿಡ್ ಹ್ಯಾರಿಂಗ್ಟನ್ ಕಟ್ಟಿದ ಈ ತಂಡ ಹಳೆಯ ಭಂಡಾರವನ್ನು ಬದಿಗಿಟ್ಟು, ಬದುಕಿರುವ ರಚನಕಾರರಿಂದ ಸಾವಿರಕ್ಕೂ ಮಿಕ್ಕಿ ಕೃತಿಗಳನ್ನು ಬರೆಸಿತು. ಬರೆಸುವುದಕ್ಕೂ ಹಣ ಬೇಕು. ಅದಕ್ಕೆ ಲಾಭರಹಿತ ಸಂಸ್ಥೆ ಮಾಡಿಕೊಂಡು, ದಾನಿಗಳಿಂದ, ಪ್ರತಿಷ್ಠಾನಗಳಿಂದ ಎತ್ತಿದರು. ಒಬ್ಬ ಪ್ರಭುವಿನ ಜಾಗದಲ್ಲಿ ನೂರಾರು ಸಣ್ಣ ಪ್ರಭುಗಳು. ಅವರಿಗೆ ಅರ್ಜಿ ಬರೆಯಲು, ಲೆಕ್ಕ ಒಪ್ಪಿಸಲು ಕಚೇರಿ, ಸಿಬ್ಬಂದಿ. ನನ್ನ ಮಟ್ಟಿಗೆ ಕ್ರೋನೋಸ್‌ನ ಈ ಕಚೇರಿ ಅವರ ಕೃತಿಪಟ್ಟಿಯಷ್ಟೇ ಸ್ವಾರಸ್ಯದ್ದು.

ಕೊನೆಗೆ, ಒಬ್ಬರು ಹೊರಟರೆ? ಇದಕ್ಕೆ ಎರಡು ಪಂಥಗಳಿವೆ. ಅಮಡೇಯಸ್ ಕ್ವಾರ್ಟೆಟ್‌ನ ನಾಲ್ವರಲ್ಲಿ ಮೂವರು ವಿಯೆನ್ನಾದಿಂದ ಓಡಿಬಂದ ಯೆಹೂದಿ ಹುಡುಗರು. ಯುದ್ಧಕಾಲದಲ್ಲಿ ಬ್ರಿಟಿಷರು ಶತ್ರುದೇಶದವರೆಂದು ಕೂಡಿಹಾಕಿದ ಶಿಬಿರಗಳಲ್ಲಿ ಪರಿಚಯವಾದವರು. 1948ರ ಜನವರಿಯಲ್ಲಿ ವಿಗ್ಮೋರ್ ಹಾಲ್‌ನಲ್ಲಿ ಆ ಹೆಸರಿನಲ್ಲಿ ಮೊದಲ ಕಛೇರಿ. ಸುಮಾರು ನಲವತ್ತು ವರ್ಷ ಒಬ್ಬರೂ ಬದಲಾಗಲಿಲ್ಲ. 1987ರಲ್ಲಿ ವಯೋಲಾದ ಪೀಟರ್ ಶಿಡ್ಲಾಫ್ ತೀರಿಕೊಂಡಾಗ ಉಳಿದ ಮೂವರು ಬದಲಿಯನ್ನು ಹುಡುಕಲಿಲ್ಲ, ತಂಡವನ್ನೇ ಮುಚ್ಚಿದರು. ಜೂಲಿಯರ್ಡ್‌ನದು ಇನ್ನೊಂದು ದಾರಿ: ರಾಬರ್ಟ್ ಮ್ಯಾನ್ 1946ರಿಂದ 1997ರವರೆಗೆ ಮೊದಲ ವಯಲಿನ್ ನುಡಿಸಿದರು, ಅವರ ಸುತ್ತ ಒಬ್ಬೊಬ್ಬರಾಗಿ ಎಲ್ಲರೂ ಬದಲಾದರು, ಆಮೇಲೆ ಅವರೂ ಬದಲಾದರು. ತಂಡ ಇನ್ನೂ ಇದೆ.

ಬದಲಿಯವರನ್ನು ಆರಿಸುವುದು ಆರ್ಕೆಸ್ಟ್ರಾದ ನೇಮಕಾತಿಯ ಹಾಗಲ್ಲ. ಪರದೆಯ ಹಿಂದೆ ಕೂರಿಸಿ ಹತ್ತು ನಿಮಿಷ ಕೇಳಿ ಅಂಕ ಹಾಕಿದರೆ ಆಗುವುದಿಲ್ಲ. ಕೆಲವೇ ಜನರನ್ನು ಗುಟ್ಟಾಗಿ ಕರೆಸಿ, ದಿನಗಟ್ಟಲೆ ಜೊತೆಗೆ ನುಡಿಸಿ ನೋಡುತ್ತಾರೆ, ಒಟ್ಟಿಗೆ ಊಟ ಮಾಡುತ್ತಾರೆ, ತಾಲೀಮಿನಲ್ಲಿ ಬೇಕೆಂದೇ ತಕರಾರು ತೆಗೆದು ಹೊಸಬರು ಹೇಗೆ ವಾದಿಸುತ್ತಾರೆಂದು ಗಮನಿಸುತ್ತಾರೆ. ಗಾರ್ನೇರಿ ಕ್ವಾರ್ಟೆಟ್‌ನ ಚೆಲ್ಲೊ ವಾದಕ ಡೇವಿಡ್ ಸೋಯರ್ 2001ರಲ್ಲಿ ನಿವೃತ್ತರಾದಾಗ ಆ ಜಾಗಕ್ಕೆ ಬಂದದ್ದು ಅವರ ಶಿಷ್ಯನೇ ಆಗಿದ್ದ ಪೀಟರ್ ವೈಲಿ. ಹೊಸಬರು ಬಂದ ಮೊದಲ ವರ್ಷ ಅವರಿಗೆ ಉಸಿರಾಡಲು ಬಿಡುವಿರುವುದಿಲ್ಲ: ಉಳಿದ ಮೂವರ ಕೈಯಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ಕೂತ ಕೃತಿಗಳನ್ನೆಲ್ಲ ಅವರು ಒಂದು ಸೀಸನ್ನಿನಲ್ಲಿ ಕಲಿಯಬೇಕು, ಹಿಂದಿನವರ ಪೆನ್ಸಿಲ್ ಗುರುತುಗಳಿರುವ ಹಾಳೆಯಿಂದ. ಉಳಿದ ಮೂವರಿಗೂ ಬಿಡುವಿಲ್ಲ. ಆ ಗುರುತುಗಳಲ್ಲಿ ಯಾವುದನ್ನು ಅಳಿಸಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಮತ್ತೆ ಮೊದಲಿನಿಂದ ವಾದಿಸಬೇಕು. ಎಮರ್ಸನ್‌ನವರು 2013ರಲ್ಲಿ ಚೆಲ್ಲೊ ವಾದಕ ಡೇವಿಡ್ ಫಿಂಕಲ್ ಹೊರಟ ಮೇಲೆ ಅವರ ಜಾಗಕ್ಕೆ ಬಂದ ಪಾಲ್ ವಾಟ್ಕಿನ್ಸ್ ಜೊತೆ ಅದನ್ನೆಲ್ಲ ಮಾಡಿದರು, ಹತ್ತು ವರ್ಷ ನುಡಿಸಿದರು, 2023ರ ಅಕ್ಟೋಬರಿನಲ್ಲಿ ತಾವೇ ದಿನ ಗೊತ್ತುಮಾಡಿ ನಿಲ್ಲಿಸಿದರು. ಮರುವರ್ಷ ಕ್ರೋನೋಸ್‌ನಿಂದ ನಾಲ್ಕೂವರೆ ದಶಕ ನುಡಿಸಿದ ಇಬ್ಬರು ಒಟ್ಟಿಗೆ ನಿವೃತ್ತರಾದಾಗ, ಹ್ಯಾರಿಂಗ್ಟನ್ ಹೊಸಬರ ಜೊತೆ ಮತ್ತೆ ತಾಲೀಮಿಗೆ ಕೂತರು.